ವಾಟರ್ ಪಂಪ್ ಹಾಕಿದ ಶುಕ್ರವಾರ

ಎರಡು ವರ್ಷದ ಹಿಂದಿನ ಮಾತು. ದಸರಾ ಮುಗಿದಿತ್ತು, ದೀಪಾವಳಿ ಹತ್ತಿರ ಬಂದಿತ್ತು. ನಮ್ಮ ಯಜಮಾನರು ಆ ಸಲ ಹಬ್ಬಕ್ಕೆ ಊರಿಗೆ ಬರುವವರಿದ್ದರು.

ಅವರು ಕುವೈತ್‌ನ ಒಂದು ಕಾರ್ಖಾನೆಯಲ್ಲಿ ಫಿಟರ್. ಮೊದಲು ಇಲ್ಲೇ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಪವರ್‌ಲೂಮ್ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದರು. ಅವರು ಕೆಲಸ ಮಾಡುತ್ತಿದ್ದ ಶೆಡ್ಡಿನ ಮಗ್ಗಗಳು ಗುಜರಿಗೆ ಹೋದ ಮೇಲೆ, ಗೆಳೆಯರೊಬ್ಬರ ಮಾತು ಕೇಳಿ ಪರದೇಶಕ್ಕೆ ಹೋದರು. ಮಗಳು ಕೊಲ್ಹಾಪುರದ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಹೀಗಾಗಿ ಮನೆಯಲ್ಲಿ ಇರುವವರು ನಾನು ಮತ್ತು ನಮ್ಮ ಅತ್ತೆ. ನಾನು ಓಣಿಯ ಹೆಣ್ಣುಮಕ್ಕಳಿಗೆ ಜಂಪರ್ ಹೊಲಿದುಕೊಡುತ್ತೇನೆ.

ಅವರು ಹೋಗುವಾಗ ಬಿಟ್ಟುಹೋದದ್ದು ಒಂದು ಹಳೆಯ ಬಿಳಿ ಕಾರು. ಮಾರಿಬಿಡೋಣ ಎಂದು ಎಲ್ಲರೂ ಹೇಳಿದರು, ಅವರು ಒಪ್ಪಲಿಲ್ಲ. "ಶೋಭಾ, ನೀ ಕಲಿ, ನೀನ ಹೊಡಿ" ಅಂದರು. ಕಲಿತೆ. ಅತ್ತೆಯನ್ನು ದವಾಖಾನೆಗೆ ಕರೆದುಕೊಂಡು ಹೋಗಲು, ಗಡಹಿಂಗ್ಲಜದ ಹತ್ತಿರ ನೂಲದಲ್ಲಿರುವ ನಾದಿನಿಯ ಮನೆಗೆ ಹೋಗಿಬರಲು ಅದೇ ಕಾರು.

ದಸರಾ ಮುಗಿಸಿಕೊಂಡು ನೂಲದಿಂದ ಬರುತ್ತಿದ್ದಾಗ ದಾರಿಯಲ್ಲಿ ಬಾನೆಟ್ಟಿನಿಂದ ಹಬೆ ಏಳತೊಡಗಿತು. ನಿಲ್ಲಿಸಿ, ಆರಲು ಬಿಟ್ಟು, ನೀರು ಹಾಕಿ, ಮತ್ತೆ ಸ್ವಲ್ಪ ದೂರ ಬಂದು, ಮತ್ತೆ ನಿಲ್ಲಿಸಿ, ಹೀಗೆ ಹೇಗೋ ಮನೆ ಮುಟ್ಟಿದೆವು. ವಿಡಿಯೊ ಕಾಲ್ ಮಾಡಿ ಅವರಿಗೆ ತೋರಿಸಿದೆ. ಎಂಜಿನ್ನಿನ ಮುಂದೆ, ಬೆಲ್ಟಿನ ಹಿಂದೆ, ನೀರಿನ ಹನಿ ಸಾಲುಗಟ್ಟಿ ಇಳಿಯುತ್ತಿತ್ತು.

"ವಾಟರ್ ಪಂಪ್ ಹೋಗೇತಿ. ಎಂಜಿನ್ನಿಗೆ ನೀರು ತಿರಗಸೂದು ಅದ. ಇರ್ಲಿ ಬಿಡು, ನಾ ಬಂದ ಮ್ಯಾಲ ಹಾಕ್ತೇನಿ" ಅಂದರು.

ನನಗೆ ಸಿಟ್ಟೇ ಬಂತು. ಹಿಂದಿನ ಸಲ ಬಂದಾಗಲೂ ಹಾಗೇ ಆಗಿತ್ತು. ನಲ್ಲಿ, ಫ್ಯಾನು, ಮಾಳಿಗೆಯ ತಗಡು ಎಲ್ಲವನ್ನೂ ಅವರು ಬರಲಿ ಎಂದು ಹಾಗೇ ಇಟ್ಟಿದ್ದೆ. ರಜೆಯೆಲ್ಲ ಏಣಿಯ ಮೇಲೇ ಮುಗಿದುಹೋಗಿತ್ತು. ಈ ಸಲ ಅವರನ್ನು ಬಾನೆಟ್ಟಿನ ಕೆಳಗೆ ಬಗ್ಗಿಸುವುದು ನನಗೆ ಬೇಕಿರಲಿಲ್ಲ. ಸುಮ್ಮನೆ ಮನೆಯಲ್ಲಿ ಕೂತಿರಲಿ, ನಾನು ರೊಟ್ಟಿ ಬಡಿಯುವಾಗ ಒಲೆಯ ಹತ್ತಿರ ಬಂದು ಏನಾದರೂ ಮಾತಾಡಲಿ, ಅಷ್ಟೇ ಬೇಕಿತ್ತು.

"ನಾನ ಹಾಕ್ತೇನ್ರಿ. ನೀವು ಅಲ್ಲೆ ಕುಂತು ಹೇಳ್ರಿ" ಅಂದೆ.

ಅವರು ಜೋರಾಗಿ ನಕ್ಕರು. ನಾನು ನಗಲಿಲ್ಲ. ಆಮೇಲೆ ಅವರೂ ನಗುವುದನ್ನು ಬಿಟ್ಟು, "ಖರೇನ ಮಾಡ್ತಿ?" ಎಂದು ಕೇಳಿದರು.

ಮಗಳು ಕೊಲ್ಹಾಪುರದಲ್ಲಿ ಬಿಡಿಭಾಗದ ಅಂಗಡಿಗೆ ಹೋಗಿ ಹೊಸ ಪಂಪ್ ತಂದುಕೊಟ್ಟು ಹಾಸ್ಟೆಲಿಗೆ ಮರಳಿದಳು. ಕುವೈತಿನಲ್ಲಿ ಅವರಿಗೆ ಶುಕ್ರವಾರ ಸೂಟಿ. ಆ ಶುಕ್ರವಾರ ನಾನು ಹೊಲಿಗೆ ಮಷೀನಿಗೆ ಬಟ್ಟೆ ಹೊದಿಸಿ, ಹಳೆಯ ಚೂಡಿದಾರ ಹಾಕಿಕೊಂಡು, ಬೆಳಿಗ್ಗೆಯೇ ಅಂಗಳಕ್ಕೆ ಇಳಿದೆ. ಫೋನ್ ಹಿಡಿಯುವ ಕೆಲಸ ಅತ್ತೆಯದು. ಕಾರಿನ ಪಕ್ಕಕ್ಕೆ ಸ್ಟೂಲ್ ಹಾಕಿಕೊಂಡು, ಪೂಜೆಗೆ ಕೂತವರ ಹಾಗೆ ಕೂತರು.

"ಯವ್ವಾ, ನಿನ್ನ ಮಾರಿ ಅಷ್ಟ ಕಾಣಾಕತ್ತೈತಿ. ಫೋನ್ ಎಂಜಿನ್ ಕಡೆ ತಿರಗಸು" ಅಂದರು ಅವರು.

"ಇರ್ಲಿ ಬಿಡೊ ಬಸೂ, ಮೊದಲ ನನ್ನ ನೋಡು. ಎಂಜಿನ್ ಎಲ್ಲಿ ಓಡಿ ಹೋಗತೈತಿ?" ಅಂದರು ಅತ್ತೆ.

ಬ್ಯಾಟರಿಯ ತಂತಿ ತೆಗೆದೆ. ರೇಡಿಯೇಟರಿನ ಕೆಳಗೆ ಬೋಗುಣಿ ಇಟ್ಟು ನೀರು ಇಳಿಸಿದೆ. ತುಕ್ಕಿನ ಬಣ್ಣದ ನೀರು. ಅವರು ಒಂದೊಂದೇ ಹೇಳುತ್ತಾ ಹೋದರು, ನಾನು ಒಂದೊಂದೇ ಮಾಡುತ್ತಾ ಹೋದೆ. ಬೆಲ್ಟ್ ಸಡಿಲು ಮಾಡುವಾಗ ನಮ್ಮಿಬ್ಬರಿಗೂ ಜಗಳವೇ ಆಯಿತು.

"ಎಡಕ್ಕ ಸರಸು ಅಂದ್ರ ಬಲಕ್ಕ ಯಾಕ ಸರಸ್ತಿ?"

"ಯಾರ ಎಡರೀ? ನನ್ನ ಎಡನೋ, ಗಾಡಿ ಎಡನೋ, ಕುವೈತಿನ ಎಡನೋ?"

ಅತ್ತೆ ಎಷ್ಟು ನಕ್ಕರೆಂದರೆ ಫೋನ್ ನೆಲಕ್ಕೆ ಬಿತ್ತು. ಮದುವೆಯಾದ ಹೊಸದರಲ್ಲಿ ನಾವು ಹೀಗೆ ಜಗಳ ಆಡುತ್ತಿದ್ದೆವು. ಅವರು ಪರದೇಶಕ್ಕೆ ಹೋದ ಮೇಲೆ ಜಗಳ ನಿಂತೇ ಹೋಗಿತ್ತು. ದಿನವೂ ಫೋನ್ ಬರುತ್ತಿತ್ತು. ಊಟ ಆಯಿತಾ, ಅವ್ವ ಗುಳಿಗೆ ತಗೊಂಡಳಾ, ಮಗಳು ಹೇಗಿದ್ದಾಳೆ. ಎಲ್ಲವೂ ಆಗಿದೆ, ಎಲ್ಲರೂ ಚೆನ್ನಾಗಿದ್ದಾರೆ ಎಂದು ಹೇಳಿ ಇಡುತ್ತಿದ್ದೆವು. ದೂರ ಇರುವವರ ಜೊತೆ ಜಗಳ ಆಡಲು ಮನಸ್ಸು ಬರುವುದಿಲ್ಲ. ಆ ದಿನ ಮಾತ್ರ ಅವರು ನನಗೆ ಬೈದರು, ನಾನು ಅವರಿಗೆ ಬೈದೆ. ನನಗೆ ಅದು ಎಷ್ಟು ಹಿತವಾಗಿತ್ತು ಎಂದು ಹೇಳಲಾರೆ.

ಪಂಪಿನ ಬೋಲ್ಟುಗಳಲ್ಲಿ ಒಂದು ತುಕ್ಕು ಹಿಡಿದು ಕುಳಿತಿತ್ತು. ಬೋಲ್ಟ್ ತಿರುಗಿಸುವ ಪಾನಾ ಹಾಕಿ ಮೈಯ ಭಾರವೆಲ್ಲ ಬಿಟ್ಟೆ, ಅಲುಗಲಿಲ್ಲ.

"ಬ್ಯಾಡ, ಬ್ಯಾಡ! ಜೋರ ಮಾಡಬ್ಯಾಡ. ಬೋಲ್ಟ್ ಒಳಗ ಮುರದ್ರ ಎಂಜಿನ್ನ ಇಳಸಬೇಕಾಗತೈತಿ. ತುಕ್ಕಿನ ಎಣ್ಣಿ ಹೊಡದು ಬಿಟ್ಟಬಿಡು. ಮೊದಲ ಊಟ ಮಾಡ್ರಿ" ಅಂದರು.

ಅಂಗಳದಲ್ಲೇ ಚಾಪೆ ಹಾಕಿದೆ. ಜುಣಕ, ರೊಟ್ಟಿ, ಹಸಿ ಉಳ್ಳಾಗಡ್ಡಿ. ಫೋನನ್ನು ತಂಬಿಗೆಗೆ ಒರಗಿಸಿ ಇಟ್ಟೆವು. ಅವರೂ ತಮ್ಮ ಕೋಣೆಯ ಮಂಚದ ಮೇಲೆ ತಟ್ಟೆ ಇಟ್ಟುಕೊಂಡು ಕೂತರು. ಅಲ್ಲಿನ ದೊಡ್ಡ ರೊಟ್ಟಿ, ಬೇಳೆ. ಅಲ್ಲಿ ಇನ್ನೂ ಊಟದ ಹೊತ್ತು ಆಗಿರಲಿಲ್ಲ, ಆದರೂ ನಮ್ಮ ಜೊತೆ ಉಂಡರು. ಉಣ್ಣುತ್ತಾ, ಕರಿಬೇವಿನ ಗಿಡ ಎಷ್ಟು ಎತ್ತರ ಆಗಿದೆ ತೋರಿಸು ಅಂದರು. ತೋರಿಸಿದೆ. ಹಿತ್ತಲಿನ ಬಾಗಿಲು ಇನ್ನೂ ಕಿರ್ ಅನ್ನುತ್ತದಾ ಎಂದು ಕೇಳಿದರು. ಅತ್ತೆ ಎದ್ದುಹೋಗಿ ಬಾಗಿಲನ್ನು ತೆರೆದು ಮುಚ್ಚಿ ಸದ್ದು ಕೇಳಿಸಿದರು. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ನಡೆಯುತ್ತಿದ್ದವು. ಅವರು ತುತ್ತು ಕೈಯಲ್ಲೇ ಹಿಡಿದು, "ಒಂದ ಮಗ್ಗ ತಪ್ಪ ಹೊಡ್ಯಾಕತ್ತೈತಿ ನೋಡು" ಅಂದರು. ನನಗೆ ಯಾವ ವ್ಯತ್ಯಾಸವೂ ಕೇಳಿಸಲಿಲ್ಲ.

ಎದುರು ಮನೆಯ ಮರಾಠಿ ಕಾಕು ಗೇಟಿನ ಹತ್ತಿರ ಬಂದು, ನನ್ನ ಕರಿ ಕೈಗಳನ್ನು ನೋಡಿ ಗಾಬರಿಯಾದರು. "ಅಗಂ ಶೋಭಾ, ಹೇ ಕಾಯ್ ಕರತೇಸ್?" ಎಂದರು, ಇದೇನು ಮಾಡುತ್ತಿದ್ದೀ ಎಂದು. ನಾನು ಉತ್ತರ ಕೊಡುವ ಮೊದಲೇ ಫೋನಿನೊಳಗಿಂದ ನಮ್ಮವರು ಮರಾಠಿಯಲ್ಲೇ, "ಕಾಕೂ, ತೀ ಆತಾ ಮಿಸ್ತ್ರೀ ಝಾಲೀ!" ಅಂದರು, ಇವಳೀಗ ಮೆಕ್ಯಾನಿಕ್ ಆಗಿಬಿಟ್ಟಳು ಎಂದು. ದನಿ ಎಲ್ಲಿಂದ ಬಂತೆಂದು ಕಾಕು ಸುತ್ತ ಹುಡುಕಿ, ತಂಬಿಗೆಯ ಹತ್ತಿರ ನಮ್ಮವರ ಮುಖ ಕಂಡು, ಸೆರಗು ಸರಿಮಾಡಿಕೊಂಡು ನಕ್ಕರು.

ಊಟದ ಮೇಲೆ ಬೋಲ್ಟಿಗೆ ಮೆಲ್ಲಗೆ ಸುತ್ತಿಗೆಯಿಂದ ಬಡಿದು, ಸ್ವಲ್ಪ ಹಿಂದೆ ಸ್ವಲ್ಪ ಮುಂದೆ ತಿರುಗಿಸಿದೆ. ಕಿಚ್ ಎಂದು ಬಿಟ್ಟಿತು. ಹಳೆಯ ಪಂಪ್ ಕೈಗೆ ಬಂತು. ಅದು ಕೂತಿದ್ದ ಜಾಗವನ್ನು ಕೆರೆದು, ಒರೆಸಿ, ನೀರು ಸೋರದಂತೆ ನಡುವೆ ಕಾಗದದ ಪ್ಯಾಕಿಂಗ್ ಇಟ್ಟು ಹೊಸ ಪಂಪ್ ಕೂಡಿಸಿ, ಬೆಲ್ಟ್ ಹಾಕಿ, ನೀರು ತುಂಬಿ, ಬ್ಯಾಟರಿಯ ತಂತಿ ಜೋಡಿಸಿ ಚಾಲೂ ಮಾಡಿದೆ. ಮೂವರೂ ಉಸಿರು ಹಿಡಿದು ನೋಡಿದೆವು. ಸ್ವಲ್ಪ ಹೊತ್ತಿಗೆ ಪಂಪಿನ ಕೆಳಗೆ ಒಂದು ಹನಿ ಮೂಡಿತು. ಹಿಂದೆಯೇ ಇನ್ನೊಂದು.

ನಾನು ಪಾನಾ ಕೆಳಗಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟೆ. ಬೆನ್ನು ನೋಯುತ್ತಿತ್ತು, ಬೆರಳಿನ ಗಂಟು ಸುಲಿದಿತ್ತು. "ನನ್ನ ಕೈಲೆ ಆಗೂದಿಲ್ರಿ. ಗ್ಯಾರೇಜಿನವರಿಗೆ ಹೇಳ್ತೇನಿ" ಅಂದೆ.

"ಏನೂ ಆಗಿಲ್ಲ, ಹಳೇ ಪ್ಯಾಕಿಂಗಿನ ಚೂರು ಉಳದಿರಬೇಕು. ಮತ್ತ ಬಿಚ್ಚೂಣು" ಅಂದರು. ಬೇಸರ ಇರಲಿಲ್ಲ ಆ ದನಿಯಲ್ಲಿ. ಮತ್ತೆ ಮೊದಲಿನಿಂದ ಮಾಡಬೇಕು ಎನ್ನುವುದು ಅವರಿಗೆ ಖುಷಿಯ ವಿಷಯ ಅನ್ನುವ ಹಾಗಿತ್ತು. ನನಗೆ ವಿಚಿತ್ರ ಅನ್ನಿಸಿತು, ಆದರೆ ಕೇಳಲಿಲ್ಲ.

ಎಂಜಿನ್ ಆರಿದ ಮೇಲೆ ಮತ್ತೆ ಬಿಚ್ಚಿದೆ. ಅವರು ಹೇಳಿದಂತೆಯೇ ಮೂಲೆಯಲ್ಲಿ ಹಳೆಯ ಕಾಗದದ ಚೂರು ಅಂಟಿಕೊಂಡಿತ್ತು. ಆದರೆ ಪಂಪಿನ ಜೊತೆ ಬಂದಿದ್ದ ಹೊಸ ಪ್ಯಾಕಿಂಗ್ ಈಗ ಹರಿದಿತ್ತು. ಅವರ ಹತ್ಯಾರದ ಪೆಟ್ಟಿಗೆಯಲ್ಲಿ ದಪ್ಪ ಪ್ಯಾಕಿಂಗ್ ಹಾಳೆ ಇತ್ತು. ಪಂಪನ್ನು ಅದರ ಮೇಲಿಟ್ಟು ಸುತ್ತ ಗೆರೆ ಎಳೆದು, ಜಂಪರ್ ಕತ್ತರಿಸುವ ಕತ್ತರಿಯಿಂದಲೇ ಕತ್ತರಿಸಿದೆ. ತೂತುಗಳನ್ನು ತೆಗೆದು ಫೋನಿಗೆ ಹಿಡಿದು ತೋರಿಸಿದಾಗ ಅವರು ಮುಖವನ್ನು ಫೋನಿನ ಹತ್ತಿರ ತಂದು ನೋಡಿ, "ಭಾಳ ಚಂದ ಆಗೇತಿ" ಅಂದರು. ನಾನು ಹೊಲಿದ ಯಾವ ಬಟ್ಟೆಗೂ ಅವರು ಹಾಗೆ ಹೇಳಿದ್ದು ನೆನಪಿಲ್ಲ.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಎಲ್ಲವನ್ನೂ ಮತ್ತೆ ಜೋಡಿಸಿ ಎರಡನೆಯ ಸಲ ಚಾಲೂ ಮಾಡಿದೆ. ಕಾದೆವು. ಹನಿ ಬರಲಿಲ್ಲ. ಎಂಜಿನ್ ಬಿಸಿಯಾಗಿ ಫ್ಯಾನು ತಿರುಗಿತು, ಆಗಲೂ ಬರಲಿಲ್ಲ. ಬೆರಳು ಹಾಕಿ ಒರೆಸಿ ನೋಡಿದೆ, ಒಣಗಿತ್ತು. ನಾನು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದೆ.

"ನೋಡ್ರಿ! ಇನ್ನ ನೀವು ಆರಾಮಾಗಿ ಬರ್ರಿ. ಕೊಲ್ಹಾಪುರ ಸ್ಟೇಷನ್ನಿಗೆ ಇದ ಗಾಡಿ ತಗೊಂಡು ಬರ್ತೇವಿ."

ಅವರು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡು ಅತ್ತೆಯ ಕೈಯಿಂದ ಫೋನ್ ಇಸಿದುಕೊಂಡೆ. ಅವರು ಅಲ್ಲೇ ಇದ್ದರು, ಕೆಳಗೆ ನೋಡುತ್ತಿದ್ದರು.

"ಶೋಭಾ, ಸೂಟಿ ಸಿಕ್ಕಿಲ್ಲ" ಅಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವರ ಜಾಗದಲ್ಲಿ ನಿಲ್ಲಬೇಕಾಗಿದ್ದವನು ಕೆಲಸ ಬಿಟ್ಟುಹೋಗಿದ್ದ. ಬೇಸಿಗೆಯ ತನಕ ರಜೆ ಇಲ್ಲ ಎಂದು ಕಾರ್ಖಾನೆಯವರು ಹಿಂದಿನ ದಿನ ಸಂಜೆಯೇ ಹೇಳಿದ್ದರಂತೆ.

"ನಿನ್ನೇನ ಗೊತ್ತಿತ್ತೇನ್ರಿ? ಮತ್ತ ಯಾಕ ಹೇಳಲಿಲ್ಲ? ನೀವು ಬರೂದಿಲ್ಲಂದ್ರ ನಾ ಇದನ್ನ ಯಾಕ ಮಾಡ್ತಿದ್ನಿ?" ಎಂದು ನಾನು ಕೂಗಿಬಿಟ್ಟೆ.

"ಅದಕ್ಕ ಹೇಳಲಿಲ್ಲ" ಅಂದರು. "ಮುಂಜಾನೆ ಹೇಳೂಣು ಅಂತನ ಫೋನ್ ಹಚ್ಚಿದ್ನಿ. ನೀ ಪಾನಾ ಹಿಡಕೊಂಡು ತಯಾರಾಗಿ ನಿಂತಿದ್ದಿ. ಹೇಳಿದ್ರ ಫೋನ್ ಇಟ್ಟು ಒಳಗ ಹೋಗಿ ಅಳ್ತಿದ್ದಿ. ನಾ ಇಲ್ಲೆ ಒಬ್ಬನ ಕುಂಡ್ರತಿದ್ನಿ. ಒಂದ ದಿನರ ಮನ್ಯಾಗ ಇರೂಣು ಅನಿಸ್ತು, ಅಷ್ಟ."

ಕೈಯಲ್ಲಿ ಎಣ್ಣೆ ಇದ್ದದ್ದರಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ. ಹನಿ ಬಿದ್ದಾಗ ಅವರ ದನಿಯಲ್ಲಿ ಏಕೆ ಬೇಸರ ಇರಲಿಲ್ಲ ಎಂದು ಆಗ ತಿಳಿಯಿತು. ಮತ್ತೆ ಬಿಚ್ಚುವುದೆಂದರೆ ಅವರಿಗೆ ಸಂಜೆಯವರೆಗೂ ನಮ್ಮ ಅಂಗಳದಲ್ಲಿ ಇರುವುದಾಗಿತ್ತು.

ಅತ್ತೆ ಅಳುತ್ತಾರೆ ಎಂದುಕೊಂಡಿದ್ದೆ. ಅವರು ಸ್ಟೂಲಿನಿಂದ ಎದ್ದು, ಸೀರೆ ಕೊಡವಿ, ಕಾರಿನ ಮುಂದಿನ ಬಾಗಿಲು ತೆಗೆದು ಒಳಗೆ ಕೂತರು. "ಗಾಡಿ ಚಾಲೂ ಐತಿ ಹೌದಲ್ಲ? ಫೋನ್ ನನ್ನ ಕೈಯಾಗ ಕೊಡು. ಬಸೂನ ಕರಕೊಂಡು ಒಂದ ಸುತ್ತ ಹೋಗಿ ಬರೂಣು ನಡಿ" ಅಂದರು.

ಹೋದೆವು. ಅತ್ತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆಯ ಕಡೆ ತಿರುಗಿಸಿದ್ದರು. ಇಡೀ ದಿನದಲ್ಲಿ ಮೊದಲ ಸಲ ಅವರು ಅದನ್ನು ಸರಿಯಾಗಿ ಹಿಡಿದದ್ದು ಆಗಲೇ. ನೂಲಿನ ಗಂಟು ಹೊತ್ತ ಟೆಂಪೊಗಳನ್ನು ದಾಟಿ, ಪೇಟೆ ದಾಟಿ, ಪಂಚಗಂಗಾ ಹೊಳೆಯ ಕಡೆ ಹೊರಟೆವು. "ಹೊಳಿಗೆ ನೀರು ಎಷ್ಟ ಐತಿ?", "ಆ ಚಹಾದ ಅಂಗಡಿ ತಗದ್ರೇನು?" ಎಂದು ಅವರು ಕೇಳುತ್ತಿದ್ದರು, ಅತ್ತೆ ಹೇಳುತ್ತಿದ್ದರು. ಕಬ್ಬಿನ ಟ್ರ್ಯಾಕ್ಟರೊಂದು ಮುಂದೆ ಸಿಕ್ಕಾಗ ನಾನು ಹಾರ್ನ್ ಹೊಡೆದೆ.

"ದಾಟಬ್ಯಾಡ. ಸಾವಕಾಶ ಅದರ ಹಿಂದನ ನಡಿ. ನನಗೇನು ಗಡಿಬಿಡಿ ಇಲ್ಲ" ಅಂದರು.

ಟ್ರ್ಯಾಕ್ಟರಿನ ಹಿಂದೆಯೇ ಸೇತುವೆಯ ತನಕ ಹೋದೆವು. ಅಲ್ಲಿ ಗಾಡಿಯನ್ನು ಬದಿಗೆ ನಿಲ್ಲಿಸಿ, ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿರುವುದನ್ನು ಅವರಿಗೆ ತೋರಿಸಿದೆ. ಹೊಳೆಯ ಮೇಲೆ ಸಂಜೆಯ ಬೆಳಕಿತ್ತು. ಫೋನಿನಲ್ಲಿ ಅವರು ಮೂಗು ಎಳೆದ ಸದ್ದು ಒಮ್ಮೆ ಕೇಳಿಸಿತು. ಅತ್ತೆ ಸೆರಗಿನಿಂದ ಫೋನಿನ ಗಾಜನ್ನು ಒರೆಸಿದರು.

ಆ ದೀಪಾವಳಿ ಅವರಿಲ್ಲದೆಯೇ ಆಯಿತು. ಬೇಸಿಗೆಯಲ್ಲಿ ಬಂದರು, ಒಂದು ತಿಂಗಳು ಇದ್ದರು. ನೂಲಕ್ಕೆ ಹೋದೆವು, ಮದುವೆಗಳಿಗೆ ಹೋದೆವು, ನೆಂಟರು ಬಂದರು, ಹೋದರು. ಮೂವರೇ ಕೂತು ಊಟ ಮಾಡಿದ್ದು ಎರಡೋ ಮೂರೋ ಸಲ ಇರಬೇಕು. ಮತ್ತೆ ಹೊರಟುಹೋದರು. ಈಗಲೂ ಅಲ್ಲೇ ಇದ್ದಾರೆ.

ಅವರನ್ನು ನೆನೆಸಿಕೊಂಡಾಗ ನನ್ನ ಕಣ್ಣ ಮುಂದೆ ಬರುವುದು ಆ ಬೇಸಿಗೆಯ ತಿಂಗಳಲ್ಲ, ಆ ಶುಕ್ರವಾರ. ಬಾನೆಟ್ ಎತ್ತಿದ ಕಾರು, ಅತ್ತೆಯ ನಗು, "ಮತ್ತ ಬಿಚ್ಚೂಣು" ಎಂದ ಆ ದನಿ. ಯಾರಾದರೂ ಗಂಡ ಹೆಂಡತಿ ರಸ್ತೆಯಲ್ಲಿ ನಿಂತು ಸಣ್ಣ ವಿಷಯಕ್ಕೆ ವಾದ ಮಾಡುವುದನ್ನು ಕಂಡರೆ ನಾನು ಸ್ವಲ್ಪ ಹೊತ್ತು ನಿಂತು ನೋಡುತ್ತೇನೆ. ಅವರು ಎಷ್ಟು ಭಾಗ್ಯವಂತರು ಎಂದು ಅವರಿಗೆ ಗೊತ್ತಿರುವುದಿಲ್ಲ.

ಮೊನ್ನೆ ಮಳೆಯಲ್ಲಿ ಕಾರಿನ ವೈಪರ್ ಅರ್ಧಕ್ಕೇ ನಿಂತಿತು. ಓಣಿಯ ತುದಿಯಲ್ಲೇ ಗ್ಯಾರೇಜ್ ಇದೆ, ಸ್ವಲ್ಪ ಹೊತ್ತಿನ ಕೆಲಸ. ನಾನು ಅತ್ತ ಹೋಗದೆ ನೇರ ಮನೆಗೆ ಬಂದು ಫೋನ್ ಮಾಡಿ, "ಏನ್ರೀ, ವೈಪರ್ ಕೆಟ್ಟೈತಿ, ಏನ್ ಮಾಡ್ಲಿ?" ಎಂದು ಕೇಳಿದೆ.

"ಯಾರ ಕೈಯಾಗೂ ಕೊಡಬ್ಯಾಡ" ಅಂದರು. "ಸೂಟಿ ದಿನ ಬಿಚ್ಚೂಣು. ಅವ್ವಗ ಹೇಳಿ ಇಡು."