ದೊಡ್ಡಮ್ಮನ ಕಾಲು

ಹಿಪ್ಪುನೇರಳೆ ಸೊಪ್ಪು ಕೊಚ್ಚುವ ಹಸಿ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ನಾನು ಈಗಲೂ ಸಾದಲಿಯ ನಮ್ಮ ಮನೆಯ ನಡುಮನೆಯಲ್ಲಿ ನಿಂತಿರುತ್ತೇನೆ. ಆ ಮನೆ ಈಗಿಲ್ಲ; ಅದರ ಕಂಬಗಳು ಯಾರ ಯಾರ ಮನೆಗೋ ಹೋದವು. ನಿಮಗೂ ಇಂಥದೊಂದು ಮನೆ ಇದ್ದು ಹೋಗಿದ್ದರೆ ನಾನು ಹೇಳುವುದು ಅರ್ಥವಾದೀತು. ಐವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಅಲ್ಲಿ ಬಿದಿರ ತಟ್ಟೆಗಳ ತುಂಬ ರೇಷ್ಮೆಹುಳು ಸಾಕುತ್ತಿದ್ದವಳು ಮುನಿವೆಂಕಟಮ್ಮ, ಅಪ್ಪನ ಅಣ್ಣನ ಹೆಂಡತಿ, ನನ್ನ ದೊಡ್ಡಮ್ಮ. ಮಕ್ಕಳಿಲ್ಲದ ಅವಳಿಗೆ ಹುಳುಗಳೂ ನಾನೂ ಒಂದೇ ಸಮ.

ಒಂದು ಚಳಿಗಾಲ, ಹುಳುಗಳಿಗೆ ಕಾವು ಕೊಡಲು ಇಟ್ಟ ಬಾಣಲೆಯಿಂದ ಕೆಂಡವೊಂದು ಅವಳ ಪಾದದ ಮೇಲೆ ಬಿತ್ತು. ಸುಟ್ಟ ವಾಸನೆಗೆ ನಾನು ಕೂಗಿಕೊಂಡೆ. ಅವಳಿಗೆ ಗೊತ್ತೇ ಆಗಿರಲಿಲ್ಲ. ಆ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಮೊಣಕಾಲ ಕೆಳಗೆ ಕಂದು ಕಲೆಗಳೆದ್ದವು, ಮೈಯೆಲ್ಲ ನವೆ. ಕುಷ್ಠವೆಂದು ಬಾಯಿಬಿಡಲು ಹೆದರಿ ಊರಿನವರು ‘ದೊಡ್ಡ ರೋಗ’ ಎಂದರು. ಬಾವಿಯ ಬಳಿ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿದರು. “ಹುಳಕ್ಕೆ ತಗುಲುತ್ತೆ ಕಣಮ್ಮ, ಮಗು ಬೇರೆ ಐತೆ,” ಎಂದು ಅಜ್ಜಿ ಅವಳ ಚಾಪೆಯನ್ನು ಕೊಟ್ಟಿಗೆಗೆ ಹಾಕಿಸಿದರು. ದೊಡ್ಡಪ್ಪ ಸೊಪ್ಪು ಕೊಚ್ಚುತ್ತಲೇ ಇದ್ದರು.

ಮೂರು ದಿನ ಅವಳು ಕೊಟ್ಟಿಗೆಯಲ್ಲಿದ್ದಳು. ನಾಲ್ಕನೆಯ ಬೆಳಿಗ್ಗೆ ಮದುವೆಯ ಸೀರೆ ಉಟ್ಟು ಹೊರಗೆ ಬಂದಳು. “ನಾನೇನು ಕದ್ದಿದ್ದೀನಾ ಅವಿತ್ಕೊಳ್ಳೋಕೆ? ಬಾರೇ ಪುಟ್ಟಿ, ಚಿಂತಾಮಣಿ ಡಾಕ್ಟ್ರ ಹತ್ರ ಹೋಗಣ.” ಬಸ್ಸಿನಲ್ಲಿ ಸೆರಗೆಳೆದು ಕಾಲು ಮುಚ್ಚಿಕೊಳ್ಳಲೂ ಇಲ್ಲ.

ವಯಸ್ಸಾದ ಆ ಡಾಕ್ಟರು ಅವಳ ಪಾದವನ್ನು ಬರಿಗೈಯಲ್ಲಿ ಹಿಡಿದು ನೋಡಿದರು. ತುಂಬ ಬಾಯಾರಿಕೆಯಾ, ತೂಕ ಇಳಿದಿದೆಯಾ ಎಂದು ಕೇಳಿದರು. ಆಮೇಲೆ ಅವಳ ಮೂತ್ರದ ನಾಲ್ಕು ಹನಿಯನ್ನು ನೀಲಿ ಔಷಧಿಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಗಿ, ಹಸಿರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

“ಕುಷ್ಠ ಅಲ್ಲಮ್ಮ. ಸಕ್ಕರೆ ಕಾಯಿಲೆ. ರೋಗ ಒಳಗಿದೆ, ಚರ್ಮದ ಮೇಲೆ ಕಾಣ್ತಿದೆ ಅಷ್ಟೆ.”

ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ. “ಅದೇ ಆಗಿದ್ದಿದ್ರೆ ಏನು ಮಾಡ್ತಿದ್ರಿ ಸ್ವಾಮಿ?” ಎಂದಳು.

“ಅದಕ್ಕೂ ಮಾತ್ರೆ ಇದೆ ತಾಯಿ. ಕೊಡ್ತಿದ್ದೆ.”

ಬಸ್ಸಿಳಿದವಳು ಮನೆಗೆ ಹೋಗಲಿಲ್ಲ, ನೆಟ್ಟಗೆ ಬಾವಿಗೆ ಹೋದಳು. ಕೊಡವಿಟ್ಟುಕೊಂಡು ನಿಂತಿದ್ದ ಪಟೇಲರ ಹೆಂಡತಿ, “ಡಾಕ್ಟ್ರು ಏನಂದ್ರೇ ಮುನೆಂಕಟಮ್ಮ?” ಎಂದು ಕೇಳಿದರು.

“ಸಕ್ಕರೆ ಕಾಯಿಲೆ ಅಂತೆ,” ಎಂದು ದೊಡ್ಡಮ್ಮ ಹಗ್ಗ ಬಿಟ್ಟಳು. “ಆ ರೋಗಾನೇ ಆಗಿದ್ರೂ ಇಲ್ಲೇ ಸೇದ್ತಿದ್ದೆ ಕಣಕ್ಕ. ನೀರು ಸೇದೋದು ಕೈಯಲ್ಲಿ, ಕಾಲಲ್ಲಲ್ಲ.”

ಗಾಜಿನ ಸಿರಿಂಜನ್ನು ಕುದಿಸಿ, ಡಾಕ್ಟರು ಕೊಟ್ಟ ಇನ್ಸುಲಿನ್ ತಾನೇ ತೊಡೆಗೆ ಚುಚ್ಚಿಕೊಳ್ಳುವುದನ್ನು ಕಲಿತಳು. ಗಾಯ ನಿಧಾನವಾಗಿ ಮಾಯಿತು. ಅಜ್ಜಿ ಚಾಪೆಯನ್ನು ಒಳಗೆ ತಂದು ಹಾಸಿದರೂ ಅವಳು ಒಂದು ವಾರ ಕೊಟ್ಟಿಗೆಯಲ್ಲೇ ಮಲಗಿ, ಆಮೇಲೆ ತನ್ನಿಷ್ಟಕ್ಕೆ ಒಳಗೆ ಬಂದಳು. ಮುರುಗಮಲ್ಲದ ದರ್ಗಾಕ್ಕೆ ನಡೆದು ಹೋಗುತ್ತಿದ್ದ, ಬೆರಳುಗಳಿಲ್ಲದ ಮುದುಕರೊಬ್ಬರನ್ನು ಜಗಲಿಯ ಮೇಲೆ ಕೂರಿಸಿ, ನಾವು ಉಣ್ಣುವ ತಟ್ಟೆಯಲ್ಲೇ ಮುದ್ದೆ ಬಡಿಸಿದಳು.

ಅರವತ್ತರ ದಶಕ ಮುಗಿಯುವ ಮುಂಚೆ ಸಕ್ಕರೆ ಕಾಯಿಲೆ ಅವಳ ಕಾಲಿನ ಎರಡು ಬೆರಳು ತೆಗೆದುಕೊಂಡಿತು, ಆಮೇಲೆ ಅವಳನ್ನೇ. ಕೊನೆಯ ಸ್ನಾನದ ಹೊತ್ತಿಗೆ ಹೆಂಗಸರು ಪಾದದ ಬಳಿ ಬಂದು ಹಿಂಜರಿದರು. ಯಾರೋ ಮುಚ್ಚಲು ಬಟ್ಟೆ ತಂದರು. ನಾನು ಬಿಡಲಿಲ್ಲ. ತಂಬಿಗೆ ಕಸಿದುಕೊಂಡು, ಒಂದೊಂದು ಕಲೆಯನ್ನೂ ಸವರಿ ತೊಳೆದು, ಹಿಮ್ಮಡಿಯಿಂದ ಬೆರಳಿನವರೆಗೆ ಅರಿಸಿನ ಹಚ್ಚಿದೆ.