ಶಾವಿಗೆಯ ಮುಯ್ಯಿ

ಬೇಸಿಗೆ ಬಂತೆಂದರೆ ನಮ್ಮ ಅತ್ತೆಯ ಬಲಹುಬ್ಬು ಬೆಳ್ಳಗಾಗುತ್ತಿತ್ತು, ಎಡಹುಬ್ಬು ಮಾತ್ರ ಕಪ್ಪಗೇ ಇರುತ್ತಿತ್ತು. ಹಿಟ್ಟಿನ ಕೈಯಲ್ಲಿ ಬೆವರು ಒರೆಸಿಕೊಳ್ಳುವಾಗ ಅವರು ಬಲಗೈ ಮಣಿಕಟ್ಟನ್ನು ಹಣೆಯ ಒಂದೇ ಮಗ್ಗುಲಿಗೆ ಒತ್ತುತ್ತಿದ್ದರು. ಮದುವೆಯಾಗಿ ಕೊಪ್ಪಳಕ್ಕೆ ಬಂದ ಹೊಸದರಲ್ಲಿ ಅದನ್ನು ನೋಡಿ ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ. ಅದು ಅವರಿಗೆ ಗೊತ್ತಾಗಿ, "ನಗು ನಗು. ನಾಳೆ ನಿನ್ನ ಹುಬ್ಬೂ ಹಿಂಗ ಆಗ್ತಾವ, ಆವಾಗ ನಾ ನಗತೀನಿ" ಎಂದಿದ್ದರು.

ನನ್ನ ತವರು ಆನೆಗೊಂದಿ. ಅನ್ನ ಉಂಡು, ಬಾಳೆತೋಟದ ನೆರಳಲ್ಲಿ ಬೆಳೆದವಳು ನಾನು. ರೊಟ್ಟಿ ಬಡಿಯಲು ಬಾರದು, ಬೀಸುಕಲ್ಲಿನ ಗೂಟ ಹಿಡಿದರೆ ಅಂಗೈ ತುಂಬ ಬೊಬ್ಬೆ. ಮನೆಗೆ ಬಂದವರ ಮುಂದೆಲ್ಲ ಅತ್ತೆ, "ನಮ್ಮ ಸೊಸಿ ಅನ್ನದ ಸೀಮ್ಯಾಕಿ. ಜ್ವಾಳ ಅಂದ್ರ ಗುಬ್ಬಿ ತಿನ್ನೋದು ಅಂತ ತಿಳದಾಳ" ಎಂದು ನನ್ನ ಪರಿಚಯ ಮಾಡಿಕೊಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಊಟಕ್ಕೆ ಕೂತಾಗ ನನ್ನ ತಾಟಿನಲ್ಲಿ ಒಂದು ಹಿಡಿ ಅನ್ನ ಇರುತ್ತಿತ್ತು. ಮನೆಯಲ್ಲಿ ಇನ್ನಾರಿಗೂ ಅದು ಇರುತ್ತಿರಲಿಲ್ಲ.

ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯ ಮುಂಭಾಗದ ಕಿರಾಣಿ ಅಂಗಡಿಯನ್ನು ನನ್ನ ಗಂಡ ನಡೆಸುತ್ತಿದ್ದರು. ಮೈದುನ ಇನ್ನೂ ಚಿಕ್ಕವನು. ಉಪ್ಪು, ಬೆಲ್ಲ, ಕಡ್ಡಿಪೆಟ್ಟಿಗೆ ಮಾರುವ ಆ ಅಂಗಡಿಯಿಂದ ಮನೆ ಹೇಗೋ ನಡೆಯುತ್ತಿತ್ತು, ಅಷ್ಟೇ. ಅದನ್ನು ದೊಡ್ಡದು ಮಾಡಿದ್ದು ಅತ್ತೆಯ ಶಾವಿಗೆ.

ಬೇಸಿಗೆಯಲ್ಲಿ ಓಣಿಯ ಮನೆಮನೆಯಲ್ಲೂ ಶಾವಿಗೆ ಹೊಸೆಯುತ್ತಿದ್ದರು. ಅದು ಒಬ್ಬರ ಕೈಯಿಂದ ಆಗುವ ಕೆಲಸವಲ್ಲ. ಒಬ್ಬರು ಕಣಕ ಕುಟ್ಟಿ ಹದ ಮಾಡಬೇಕು, ಒಬ್ಬರು ಇಳಿಜಾರಾಗಿಟ್ಟ ಮಣೆಯ ಮೇಲೆ ಕೂತು ಹೊಸೆಯಬೇಕು, ಇನ್ನೊಬ್ಬರು ಕೆಳಗೆ ಕೂತು ಇಳಿದು ಬರುವ ಎಳೆ ಹರಿಯದಂತೆ ಹಿಡಿದು ಕೋಲಿಗೆ ಹಾಕಬೇಕು. ಆಮೇಲೆ ಹೊರಸಿನ ಮಂಚವನ್ನು ಬೋರಲು ಹಾಕಿ, ಅದರ ಕಾಲುಗಳ ನಡುವೆ ಆ ಕೋಲುಗಳನ್ನಿಟ್ಟು ಒಣಗಿಸುತ್ತಿದ್ದರು. ಹೀಗಾಗಿ ಇವತ್ತು ನೀವು ನಮ್ಮ ಮನೆಗೆ ಬಂದರೆ ನಾಳೆ ನಾವು ನಿಮ್ಮ ಮನೆಗೆ. ದುಡಿಮೆಗೆ ದುಡಿಮೆ, ನಡುವೆ ರೊಕ್ಕದ ಮಾತಿಲ್ಲ. ಅದಕ್ಕೆ ಮುಯ್ಯಿ ಎನ್ನುತ್ತಿದ್ದರು.

ಒಂದು ವರ್ಷ ಮನೆಗೆ ಮಿಕ್ಕಿದ ಶಾವಿಗೆಯನ್ನು ಅತ್ತೆ ಅಂಗಡಿಯಲ್ಲಿಡಿಸಿದರು. ಮಾಲು ಕೊಳ್ಳಲು ಬಂದಿದ್ದ ಗಂಗಾವತಿಯ ವ್ಯಾಪಾರಿ ಸಾಹೇಬರೊಬ್ಬರು ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಅಮ್ಮಾ, ನಮ್ಮ ರಂಜಾನ್ ಹಬ್ಬಕ್ಕ ಇಂಥಾವ ಬೇಕ್ರಿ. ಆದ್ರ ಬಂಡ್ಯಾಗ ಹೋಗೋದ್ರಾಗ ಪುಡಿ ಪುಡಿ ಆಗ್ತಾವಲ್ರಿ" ಎಂದರು. ಅತ್ತೆ ಆ ಮಾತನ್ನೇ ತಲೆಯಲ್ಲಿಟ್ಟುಕೊಂಡು ತಿರುಗಾಡಿದರು. ದಪ್ಪ ಕಾಗದದಲ್ಲಿ ಶಾವಿಗೆಯನ್ನು ಉದ್ದಕ್ಕೆ ಸುತ್ತಿ, ನನ್ನ ತವರಿನಿಂದ ತರಿಸಿದ ಬಾಳೆನಾರಿನಿಂದ ಎರಡೂ ಕಡೆ ಕಟ್ಟಿದರು. ಕಟ್ಟು ಚೆಂದವಾಗಿತ್ತು, ಆದರೆ ಯಾರೂ ಕೊಳ್ಳಲಿಲ್ಲ. ಒಳಗೇನಿದೆಯೋ ಎಂದು ಅಂಗಡಿಯಲ್ಲೇ ಹರಿದು ನೋಡುತ್ತಿದ್ದರು. "ಮಾರಿ ಮ್ಯಾಲ ಸೆರಗು ಮುಚ್ಚಿದ್ರ ಯಾರಿಗಾದ್ರೂ ಅನುಮಾನ ಬರೂದ" ಎಂದು ಅತ್ತೆ ಎರಡೂ ತುದಿ ಕಾಣುವಂತೆ ಕಾಗದವನ್ನು ಗಿಡ್ಡ ಮಾಡಿದರು. ಅಲ್ಲಿಂದ ಮಾಲು ಹೋಗತೊಡಗಿತು.

ಕಟ್ಟಿನ ಮೇಲೆ ಒಂದು ಗುರುತು ಇರಲೆಂದು ನನ್ನ ಗಂಡ ಶಾವಿಗೆ ಮಣೆಯ ಚಿತ್ರದ ಠಸ್ಸೆ ಮಾಡಿಸಿ ತಂದರು. ನಾಲ್ಕು ಕಾಲಿನ ಆ ಮಣೆ ಕೆಂಪು ಮಸಿಯಲ್ಲಿ ಒತ್ತಿದಾಗ ಥೇಟ್ ಹಲ್ಲಿಯ ಹಾಗೆ ಕಾಣುತ್ತಿತ್ತು. ಕುಷ್ಟಗಿ ಸಂತೆಯಲ್ಲಿ, ಯಲಬುರ್ಗಾದಲ್ಲಿ ಮಂದಿ "ಹಲ್ಲಿ ಛಾಪ ಶಾವಿಗಿ ಕೊಡ್ರಿ" ಎಂದು ಕೇಳತೊಡಗಿದರು. ತಿನ್ನುವ ಪದಾರ್ಥಕ್ಕೆ ಹಲ್ಲಿಯ ಹೆಸರು! ನನ್ನ ಗಂಡ ಎರಡು ಹೊತ್ತು ಊಟ ಬಿಟ್ಟರು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಇರಲಿ ಬಿಡಪಾ. ನಾವು ಇಟ್ಟ ಹೆಸರು ಯಾರ ನೆನಪಿಡತಾರ?" ಎಂದರು. ಆ ಠಸ್ಸೆ ಕೊನೆಯವರೆಗೂ ಬದಲಾಗಲಿಲ್ಲ.

ಮುಂದೊಂದು ವರ್ಷ ಗಂಗಾವತಿಯ ಸಾಹೇಬರು ಹಬ್ಬಕ್ಕೆಂದು ಭಾರಿ ಮಾಲು ಹೇಳಿಹೋದರು. ಓಣಿಯ ಹೆಂಗಸರು ಎಂದಿನಂತೆ ಬಂದು ಕೂತರು. ಅವರ ಮನೆಗಳ ಶಾವಿಗೆ ಒಂದು ದಿನಕ್ಕೆ ಮುಗಿಯುತ್ತಿತ್ತು, ನಮ್ಮದು ಮುಗಿಯುವುದೇ ಇಲ್ಲ. ಮುಯ್ಯಿ ಒಂದೇ ಕಡೆಗೆ ವಾಲಿದ್ದು ಎಲ್ಲರಿಗೂ ಕಾಣುತ್ತಿತ್ತು, ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ನನ್ನ ಗಂಡ ನ್ಯಾಯಸ್ಥರು. ಅವರ ಮನಸ್ಸು ತಡೆಯಲಿಲ್ಲ. ಒಂದು ಸಂಜೆ ತಾಯಿಗೂ ಹೇಳದೆ ಮನೆಮನೆಗೆ ಹೋಗಿ ಕೂಲಿ ಕೊಟ್ಟು ಬಂದರು.

ಬೆಳಿಗ್ಗೆ ನಾನು ಬಾಗಿಲು ತೆರೆದರೆ ಆ ರೊಕ್ಕವೆಲ್ಲ ನಮ್ಮ ಕಟ್ಟೆಯ ಮೇಲೆ ಇತ್ತು. ಒಬ್ಬ ಹೆಂಗಸೂ ಬರಲಿಲ್ಲ. ಕಲಸಿದ ಕಣಕ ಒದ್ದೆ ಬಟ್ಟೆಯ ಕೆಳಗೆ ಹುಳಿಯಾಗುತ್ತ ಕೂತಿತು. ಮಾಲು ಮುಟ್ಟದಿದ್ದರೆ ಸಾಹೇಬರು ಇನ್ನು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನ ಗಂಡ, "ನಾ ಮಾಡಿದ್ರಾಗ ತಪ್ಪೇನೈತಿ ಯವ್ವಾ? ದುಡದವರಿಗೆ ಕೊಟ್ಟೆ" ಎಂದರು.

ಅತ್ತೆ, "ಕೊಟ್ಟಿದ್ದು ತಪ್ಪಲ್ಲಪಾ. ಆದ್ರ ಕೊಟ್ಟ ಮ್ಯಾಲ ಅವರು ನಮ್ಮ ಮನಿಗೆ ಯಾರಾಗಿ ಬರಬೇಕು?" ಎಂದರು.

ರೊಕ್ಕವನ್ನು ಮೊದಲು ತಂದಿಟ್ಟವರು ಎದುರುಮನೆಯ ಆಯಿ ಎಂದು ಅವರಿಗೆ ಗೊತ್ತಿತ್ತು. ಓಣಿಯವರೆಲ್ಲ ಆಯಿ ಎಂದೇ ಕರೆಯುತ್ತಿದ್ದ ಅವರು ಅತ್ತೆಗಿಂತ ನಾಲ್ಕು ವರ್ಷ ಹಿರಿಯರು, ಗಂಡನಿಲ್ಲದವರು. ಒಬ್ಬನೇ ಮಗ ಸ್ಟೇಷನ್ನಿನಲ್ಲಿ ಹಮಾಲಿ ಮಾಡುತ್ತಿದ್ದ. ಓಣಿಯಲ್ಲಿ ಅವರ ಮಾತು ನಡೆಯುತ್ತಿತ್ತು. ಅತ್ತೆ ಎದ್ದು ಸೆರಗು ಕೊಡವಿಕೊಂಡು ಹೊರಟರು. ನಾನೂ ಹಿಂದೆ ಹೋದೆ.

ಆಯಿ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ಯಕ್ಕಾ, ನಿಮ್ಮ ಶಾವಿಗಿ ಯಾವತ್ತು? ನಾನೂ ಸೊಸಿನೂ ಬರ್ತೀವಿ" ಎಂದರು ಅತ್ತೆ.

"ಈ ವರ್ಷ ಗೋದಿ ಇಲ್ಲ. ಶಾವಿಗಿನೂ ಇಲ್ಲ. ನಿನ್ನ ಮುಯ್ಯಿ ನೀ ತೀರಸಾಕ ಬರೂದಿಲ್ಲ ತಂಗಿ. ಅದಕ್ಕ ನಿನ್ನ ಮಗ ರೊಕ್ಕದಾಗ ತೀರಸಾಕ ಬಂದ. ನಾ ಕೂಲಿಗೆ ಹೋದಾಕಿ ಅಲ್ಲ, ನಿಮ್ಮನಿಗೆ ಬಂದಾಕಿ."

ಆಯಿ ದನಿ ಏರಿಸಿರಲಿಲ್ಲ. ನನಗೆ ಮಾತ್ರ ನಿಂತ ನೆಲ ಸುಡುವಂತಾಯಿತು. ಅತ್ತೆ ಸೀದಾ ಒಳಗೆ ಹೋಗಿ ಬೀಸುಕಲ್ಲಿನ ಮುಂದೆ ಕೂತರು. "ಶಾವಿಗಿ ಇರದಿದ್ರ ಇಲ್ಲ. ರೊಟ್ಟಿ ತಿನ್ನೂದಿಲ್ಲೇನು ನೀ? ಜ್ವಾಳ ತಾ."

ಆಯಿ ಎದ್ದು ಒಳಗೆ ಬಂದರು. ಜೋಳದ ಮೊರ ತಂದಿಟ್ಟು ಎದುರಿಗೆ ಕೂತು, ತಾವೂ ಗೂಟಕ್ಕೆ ಕೈ ಹಾಕಿದರು. ಇಬ್ಬರೂ ಬೀಸಿದರು. ಕೂಲಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮರುದಿನ ಓಣಿಯ ಹೆಂಗಸರು ಬಂದರು. ಹುಳಿಯಾದ ಕಣಕವನ್ನು ದನಕ್ಕೆ ಹಾಕಿ ಹೊಸದು ಕಲಸಿದೆವು. ಸಾಹೇಬರ ಮಾಲು ಹಬ್ಬಕ್ಕೆ ಮೊದಲೇ ಮುಟ್ಟಿತು.

ಅಂದಿನಿಂದ ಅತ್ತೆ ದಿನವೂ ಹೊತ್ತು ಮೂಡುವ ಮುಂಚೆ ಓಣಿಯ ಒಂದಿಲ್ಲೊಂದು ಮನೆಗೆ ಬೀಸಲು ಹೋಗುತ್ತಿದ್ದರು. ಮೈದುನನಿಗೆ ಇದು ಭಾರಿ ನಾಚಿಕೆ. "ನಾಕು ಊರಾಗ ನಮ್ಮ ಮಾಲು ಹೋಗ್ತೈತಿ, ನಮ್ಮವ್ವ ಮಂದಿ ಮನ್ಯಾಗ ಜ್ವಾಳ ಬೀಸ್ತಾಳ" ಎಂದು ಗೊಣಗುತ್ತಿದ್ದ. ಅತ್ತೆ, "ನೀನೂ ಬಾ, ಹಿಟ್ಟು ಸಾಣಿಸೀಯಂತ" ಎನ್ನುತ್ತಿದ್ದರು. ಆಯಿಯ ಮಗನಿಗೆ ಹಮಾಲಿ ಬಿಡಿಸಿ ಗಂಗಾವತಿಗೆ ಮಾಲು ಒಯ್ಯುವ ಬಂಡಿ ಒಪ್ಪಿಸಿ, ಪಗಾರ ಗೊತ್ತು ಮಾಡಿದರು. ಅದಕ್ಕೆ ಆಯಿ ಬೇಡವೆನ್ನಲಿಲ್ಲ. ಗಂಡಸರ ಕೆಲಸದ ಲೆಕ್ಕವೇ ಬೇರೆ ಇತ್ತು.

ವ್ಯಾಪಾರ ಬೆಳೆಯಿತು. ಸ್ಟೇಷನ್ ರಸ್ತೆಯಲ್ಲಿ ಷೆಡ್ಡು ಹಿಡಿದೆವು. ಬೇರೆ ಓಣಿಗಳಿಂದ, ಇರಕಲ್ಲಗಡದಿಂದಲೂ ಹೆಂಗಸರು ಪಗಾರಕ್ಕೆ ಬಂದರು. ಅವರೊಂದಿಗೆ ಮುಯ್ಯಿಯ ಸಂಬಂಧವಿರಲಿಲ್ಲವಾದ್ದರಿಂದ ಯಾರಿಗೂ ಅವಮಾನವಾಗಲಿಲ್ಲ. ಆಯಿ ಮತ್ತು ಓಣಿಯವರು ಮಾತ್ರ ಹಿಂದಿನಂತೆ ಮುಯ್ಯಿಗೇ ನಮ್ಮ ಮನೆಗೆ ಬಂದು ಹೊಸೆಯುತ್ತಿದ್ದರು. ಯುದ್ಧದ ಕಾಲದಲ್ಲಿ ಕಾಗದ ಸಿಗದೆ ಹೋದಾಗ ಒಣಗಿದ ಬಾಳೆಪಟ್ಟೆಯಲ್ಲಿ ಸುತ್ತಿ ಕಳಿಸಿದೆವು. ಹಲ್ಲಿಯ ಠಸ್ಸೆ ಅದರ ಮೇಲೆ ಮೂಡುತ್ತಿರಲಿಲ್ಲ, ಆದರೂ ಮಂದಿ ಹಲ್ಲಿಯ ಹೆಸರನ್ನೇ ಹೇಳಿ ಕೇಳಿ ಒಯ್ದರು.

ಅಷ್ಟರಲ್ಲಿ ಊರಿಗೆ ಹಿಟ್ಟಿನ ಗಿರಣಿ ಬಂತು. ಓಣಿಯ ಬೀಸುಕಲ್ಲುಗಳು ಒಂದೊಂದಾಗಿ ಮೂಲೆ ಸೇರಿದವು. ಆಯಿ ಮಾತ್ರ ಗಿರಣಿಗೆ ಹೋಗಲಿಲ್ಲ. "ಗಿರಣಿ ಹಿಟ್ಟಿನ ರೊಟ್ಟಿ ಹರೀತಾವ" ಎನ್ನುತ್ತಿದ್ದರು. ಅತ್ತೆ, "ಹೌದು, ಹರೀತಾವ" ಎಂದು ತಲೆಯಾಡಿಸುತ್ತಿದ್ದರು. ನಮ್ಮ ಮನೆಗೆ ಗಿರಣಿ ಹಿಟ್ಟೇ ಬರುತ್ತಿತ್ತು, ರೊಟ್ಟಿ ಎಂದೂ ಹರಿದದ್ದಿಲ್ಲ.

ಹೈದರಾಬಾದು ಹಿಂದುಸ್ತಾನಕ್ಕೆ ಸೇರಿದ ಮರುವರ್ಷ ಅತ್ತೆ ಜ್ವರದಲ್ಲಿ ಮಲಗಿದವರು ಏಳಲಿಲ್ಲ. ಹೆತ್ತ ತಾಯಿ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಂಗಡಿಯ ಬಾಗಿಲು ಮತ್ತೆ ತೆರೆದ ಮೇಲೆ ನನ್ನ ಗಂಡ, "ಇನ್ನರ ಆಯಿಗೆ ಪಗಾರ ಗೊತ್ತು ಮಾಡೂಣು. ಬೀಸಾಕ ಹೋಗೋರು ಯಾರದಾರ?" ಎಂದರು. ನನಗೂ ಅದೇ ಸರಿಯೆನಿಸಿತು. ಆದರೆ ಮರುದಿನ ನಸುಕಿನಲ್ಲೇ ಆಯಿ ನಮ್ಮ ಬಾಗಿಲಿಗೆ ಬಂದು ನಿಂತರು.

"ನಿಮ್ಮತ್ತಿದು ಬೀಸೋದು ಬಾಕಿ ಐತಿ. ಬಾ."

ನಾನು ಹೋದೆ. ಆಯಿ ಎದುರಿಗೆ ಕೂತು ಗೂಟ ಹಿಡಿದರು. ಕಲ್ಲು ನನ್ನ ಮಾತು ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೇ ಕೈಗೆ ಬೊಬ್ಬೆ ಬಂದವು. ಮೊರದಲ್ಲಿ ಇನ್ನೂ ಒಂದಿಷ್ಟು ಜೋಳ ಉಳಿದಿತ್ತು. "ಇಷ್ಟು ಮುಗಿಸಿ ಏಳತೀನ್ರಿ ಆಯಿ" ಎಂದೆ.

ಆಯಿ ಕಲ್ಲನ್ನು ಹಿಡಿದು ನಿಲ್ಲಿಸಿದರು. "ಮುಗಸಬ್ಯಾಡ. ನಿಮ್ಮತ್ತಿ ಒಂದು ದಿನಾನೂ ಪೂರಾ ಬೀಸಿ ಎದ್ದಾಕಿ ಅಲ್ಲ. ಒಂದು ಹಿಡಿ ಬಿಟ್ಟ ಏಳಾಕಿ. ನೀ ಎಲ್ಲಾ ತೀರಿಸಿಬಿಟ್ರ ನಾ ಯಾವ ನೆಪಾ ಮಾಡ್ಕೊಂಡು ನಿಮ್ಮ ಮನಿಗೆ ಬರಲಿ?"

ನಾನು ಆ ಜೋಳವನ್ನು ಹಾಗೇ ಬಿಟ್ಟು ಎದ್ದೆ. ಅಂದು ಬಿಸಿಲೇರುವ ಮೊದಲೇ ಆಯಿ ತಮ್ಮ ಶಾವಿಗೆ ಮಣೆ ಹೊತ್ತುಕೊಂಡು ನಮ್ಮ ಹೊಸ್ತಿಲು ದಾಟಿ ಒಳಗೆ ಬಂದರು.