ಪಿನ್ನು ಹಾಕಿದ ಚಪ್ಪಲಿ

ಈಗ ಸಂಜೆ ಏಳು ಗಂಟೆ. ಇವತ್ತು ಮಾಡಿದ್ದನ್ನು ನಿಮಗೆ ಹೇಳಿಕೊಳ್ಳದೆ ಇರಲಾಗುತ್ತಿಲ್ಲ, ಸ್ನೇಹಿತರೇ.

“ಎಕ್ಸಿಬಿಷನ್‌ಗೆ ಇವತ್ತೇ ಲಾಸ್ಟ್ ಡೇ ಆಂಟಿ, ಬನ್ನಿ” ಎಂದು ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಸಹನಾ, ಆಧುನಿಕ ಕಲೆಯ ಮ್ಯೂಸಿಯಂಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋದಳು. ಒಂದು ಕೋಣೆಯ ಬಾಗಿಲಲ್ಲಿ ಹಳೇ ಚಪ್ಪಲಿಗಳ ಸಾಲಿತ್ತು. ಸಹನಾ ಆಗಲೇ ಮುಂದೆ ಹೋಗಿದ್ದಳು; ಬರಿಗಾಲಲ್ಲಿ ಹೋಗಬೇಕೇನೋ ಎಂದುಕೊಂಡು ನನ್ನದನ್ನೂ ಅಲ್ಲೇ ಬಿಟ್ಟೆ. ಅದು ತೀರಿಕೊಂಡ ನಮ್ಮ ಯಜಮಾನರ ಹವಾಯಿ ಚಪ್ಪಲಿ. ಕಿತ್ತುಹೋದ ಬಾರಿಗೆ ಅವರೇ ಪಿನ್ನು ಹಾಕಿದ್ದರು.

ಹೊರಗೆ ಬಂದರೆ ಜನ ಅದರ ಫೋಟೋ ತೆಗೆಯುತ್ತಿದ್ದಾರೆ. ಆ ಸಾಲೇ ಕಲಾಕೃತಿಯಂತೆ! ಬಗ್ಗಿ ಕೈ ಹಾಕಿದೆ.

“ಆಂಟಿ, ಮುಟ್ಬೇಡಿ! ಅದು ಆರ್ಟು” ಎಂದು ಗಾರ್ಡ್ ಕೂಗಿದ.

“ಆ ಪಿನ್ ನೋಡಿ ಆಂಟಿ, ಏನ್ ಐಡಿಯಾ!” ಎಂದು ಸಹನಾ ನಕ್ಕಳು. ಎಲ್ಲರೂ ನಕ್ಕರು.

“ನಿಮ್ದಾ ಅದು?” ಎಂದ ಗಾರ್ಡ್.

ಸೀರೆಯಲ್ಲಿ ಪಾದ ಮುಚ್ಚಿಕೊಂಡು, “ಅಲ್ಲಪ್ಪ, ನಂದಲ್ಲ” ಎಂದುಬಿಟ್ಟೆ.

ಸ್ಕೂಟರಿನ ಹಿಂದೆ ಬರಿಗಾಲಲ್ಲೇ ಕೂತು ಬಸವೇಶ್ವರನಗರದ ಮನೆಗೆ ವಾಪಸು ಬಂದೆ. ಬದುಕಿದ್ದಾಗ ನಮ್ಮ ಯಜಮಾನರು ಇಂಥ ಜಾಗಕ್ಕೆ ಕಾಲಿಟ್ಟವರೇ ಅಲ್ಲ. ನಾಳೆ ಬೆಳಗ್ಗೆ ಆ ಪ್ರದರ್ಶನವನ್ನೆಲ್ಲ ಕಟ್ಟಿ ಮುಂಬೈಗೆ ಕಳಿಸುತ್ತಾರಂತೆ.